ಒಂಟಿ ಸೀನು

ರವಿವಾರ ಪೇಠೆಯ ನಮ್ಮ ಅಂಗಡಿಯಲ್ಲಿ
ರೇಷ್ಮೆಯ ನಿಜ ಹೇಳುವುದು ನನ್ನ ಮೂಗು.
ಸೆರಗಿನಂಚಿನ ಒಂದೆಳೆ ಕಿತ್ತು
ಕಡ್ಡಿ ಗೀರಿ, ಸುಟ್ಟು, ಮೂಸುತ್ತೇನೆ:
ಕೂದಲು ಸುಟ್ಟ ಕಮಟಿದ್ದರೆ ರೇಷ್ಮೆ,
ಕಾಗದದ ವಾಸನೆಯಾದರೆ ನೂಲು,
ಪ್ಲಾಸ್ಟಿಕ್ಕಾದರೆ ಮಾತಾಡದೆ ಮಡಿಚಿಡುವುದು.
ಇಪ್ಪತ್ತೆರಡು ವರ್ಷ. ಗುಳೇದಗುಡ್ಡದ ಮಗ್ಗದಿಂದ
ಪುಣೆಗೆ ಬಂದು, 'ಇರಕಲ್' ಎನ್ನುವವರಿಗೆ
ಇಳಕಲ್ಲು ಎಂದು ತಿದ್ದುವುದನ್ನೂ ಬಿಟ್ಟಿದ್ದೇನೆ.

ಹೋದ ವರ್ಷ ಮುಟ್ಟು ನಿಂತಿತು.
ನಿಂತದ್ದು ಹೋಗಲಿ, ಬೆಂಕಿ ಇಟ್ಟು ಹೋಯಿತು.
ರಾತ್ರಿ ಮೂರಕ್ಕೆ ಬೆನ್ನು ತೊಯ್ದು ಎದ್ದರೆ
ಎದೆಯೊಳಗೆ ಯಾರೋ ತಿದಿ ಒತ್ತಿದಂತೆ;
ಗ್ಯಾಲರಿಯ ಫರಸಿಯ ಮೇಲೆ ಅಂಗಾತ ಬಿದ್ದು
ಮೊದಲ ಬಸ್ಸಿನ ಸದ್ದಿಗೆ ಕಾಯುತ್ತಿದ್ದೆ.

ಆಪಟೆ ಡಾಕ್ಟರು ಬರೆದರು: ತೋಳಿಗೆ ಹಚ್ಚುವ ಹಾರ್ಮೋನಿನ ಜೆಲ್,
ಮಲಗುವಾಗ ಒಂದು ಮಾತ್ರೆ.
ತಿಂಗಳೊಪ್ಪತ್ತಿನಲ್ಲಿ ನಿದ್ದೆ ತಿರುಗಿ ಬಂತು
ಊರಿಗೆ ಹೋದವಳಂತೆ, ಚೀಲ ಸಮೇತ.
ಅದರ ಬೆನ್ನಿಗೇ ಸೀನು.
ಮುಂಜಾನೆ ಹನ್ನೊಂದು, ಹಲ್ಲುಜ್ಜುವ ಮೊದಲೇ.
ಹಳಿಯ ಪಕ್ಕದ ಕಾಂಗ್ರೆಸ್ ಗಿಡಕ್ಕೆ ಬೈದೆ,
ಜರಿಯ ಧೂಳಿಗೆ, ಮೇಲಿನ ಮನೆಯ ಪಾರಿವಾಳಕ್ಕೆ.
'ಅದೂ ಇರಬಹುದು, ಜೆಲ್ಲೂ ಇರಬಹುದು,' ಎಂದರು ಆಪಟೆ,
'ಖಚಿತ ಹೇಳಲಾರೆ. ಪ್ರಮಾಣ ಇಳಿಸಿ ನೋಡೋಣ,
ಮೂಗಿಗೊಂದು ಸ್ಪ್ರೇ.'
ಖಚಿತ ಹೇಳಲಾರೆ ಎಂದ ಡಾಕ್ಟರು
ನನ್ನ ಜನ್ಮದಲ್ಲಿ ಇವರೇ ಮೊದಲು.
ಅದಕ್ಕೇ ನಂಬಿಕೆ ಬಂತು.

ನೆಗಡಿಯಂಥ ರೋಗವಿಲ್ಲ ಎನ್ನುತ್ತಿದ್ದಳು ಅವ್ವ,
ಬುಗಡಿಯಂಥ ಒಡವೆಯಿಲ್ಲ.
ಬುಗಡಿ ಮಾರಿದ್ದು ನೆನಪಿದೆ. ಉರಿಯ ಮಾತು
ಒಂದನ್ನೂ ಅವಳ ಬಾಯಲ್ಲಿ ಕೇಳಿದ ನೆನಪಿಲ್ಲ.
ಐವತ್ತಕ್ಕೆ ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು
'ತಂಪೈತಿ ಇಲ್ಲಿ' ಎಂದು
ಊಟಕ್ಕೂ ಮೇಲೆ ಬರುತ್ತಿರಲಿಲ್ಲ.
ಕೆಲಸದ ಹುರುಪು ಅಂದುಕೊಂಡಿದ್ದೆವು.

ಈಗ ಎಳೆ ಸುಟ್ಟರೆ ಹೊಗೆ ಕಾಣುತ್ತದೆ, ಅಷ್ಟೆ.
ಅಂಗಡಿ ಹುಡುಗ ಇರ್ಫಾನನ ಮೂಗಿಗೆ ಹಿಡಿಯುತ್ತೇನೆ.
'ಕೂದಲು, ಕಾಕೂ,' ಎನ್ನುತ್ತಾನೆ.
ಎರವಲು ಮೂಗಿನ ಮೇಲೆ ಆಣೆಯಿಟ್ಟು ಬೆಲೆ ಹೇಳುತ್ತೇನೆ.

ನಿನ್ನೆ ಸದಾಶಿವ ಪೇಠೆಯವರೊಬ್ಬರು, ಮಗಳ ಮದುವೆ,
ನಲವತ್ತು ಸೀರೆ ಹರವಿಸಿ, ಕಡೆಗೊಂದು ಆರಿಸಿ,
ನೋಟು ಎಣಿಸಿ ಕೈ ಚಾಚಿದ ಹೊತ್ತಿಗೆ
ಸೀನಿದೆ. ಒಂದೇ.
ಚಾಚಿದ ಕೈ ನಿಂತಿತು.
ಒಂಟಿ ಸೀನಿಗೆ ಮರಾಠಿ ಕನ್ನಡ ಎಂಬ ಭೇದವಿಲ್ಲ.
'ಇನ್ನೊಂದು ಬರಲಿ,' ಎಂದರು, ನಗುತ್ತಲೇ, ಆದರೆ ಕೈ ಹಿಂದಕ್ಕೆ.
ಮುಂಜಾನೆ ಹನ್ನೊಂದು ಕೊಟ್ಟ ಮೂಗು
ಈಗ ಒಂದಕ್ಕೆ ಜಿಪುಣ.
ಕಾದೆವು.
ಅಷ್ಟರಲ್ಲಿ ಅವರ ಕತ್ತಿನಿಂದ ಕೆಂಪು ಏರಿತು,
ಮೇಲ್ದುಟಿಯ ಮೇಲೆ ಹನಿ.
ನನ್ನ ಕಣ್ಣು ತಪ್ಪಿಸಿ, ಬಿಲ್ಲಿನ ಪುಸ್ತಕ ಎತ್ತಿಕೊಂಡು
ಬೀಸಿಕೊಳ್ಳತೊಡಗಿದರು.

ನಾನೇನೂ ಕೇಳಲಿಲ್ಲ.
ಟೇಬಲ್ ಫ್ಯಾನಿನ ಕತ್ತು ಅವರ ಕಡೆ ತಿರುಗಿಸಿದೆ.
ಕಪಾಟಿನ ಧೂಳೆಲ್ಲ ಎದ್ದಿತು.
ಅವರು ಕಣ್ಣು ಮುಚ್ಚಿ ಗಾಳಿಗೆ ಮುಖ ಕೊಟ್ಟರು,
ನಾನು ಸೀನಿದೆ: ಎರಡು, ಮೂರು, ಐದು,
ಲೆಕ್ಕ ತಪ್ಪಿತು.
ಇರ್ಫಾನ ದುಡ್ಡು ಗಲ್ಲಾಕ್ಕೆ ಹಾಕಿದ.