ಹನ್ನೊಂದು ದಿನದ ರಜೆ

ಮಂಜೇಶ್ವರದ ಹಾರ್ಬರಿನ ಬದಿ, ಐಸ್ ಪ್ಲಾಂಟಿನಲ್ಲಿ
ಲೆಕ್ಕ ಬರೆಯುವವಳು ನಾನು.
ಐವತ್ತು ಕಿಲೋದ ಗಡ್ಡೆಗೆ ಒಂದು ಗೆರೆ,
ನಾಲ್ಕು ಗೆರೆಯ ಮೇಲೆ ಅಡ್ಡ ಎಳೆದರೆ ಐದು.
ಬಂಗುಡೆಯ ಹೊಟ್ಟೆಗೆ, ಬೂತಾಯಿಯ ಕಣ್ಣಿಗೆ
ನಮ್ಮದೇ ಪುಡಿ.

ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ,
ಹನ್ನೊಂದು ದಿನ ರಜೆ ಕೇಳುತ್ತೇನೆ.
"ಎಲ್ಲಿಗೆ?" ಗೊತ್ತಿದ್ದೇ ಕೇಳುತ್ತಾರೆ ಮೂಸಕುಂಞಿ ಸಾಹುಕಾರರು.
"ಔಲಿಗೆ. ಹಿಮದ ಮೇಲೆ ಜಾರಲಿಕ್ಕೆ."
"ಕ್ರಷರಿನ ಬುಡದಲ್ಲಿ ದಿನಾ ಜಾರುತ್ತೀಯಲ್ಲ,
ದುಡ್ಡು ಕೊಟ್ಟು ಜಾರುವುದು ಎಂತಕ್ಕೆ ಮಾರಾಯ್ತಿ?"
ಎನ್ನುತ್ತಲೇ ಸಹಿ ಹಾಕುತ್ತಾರೆ.

ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುವಾಗ
ಉದ್ದ ಚೀಲ ನೋಡಿ ಟಿ.ಟಿ. ಮಲಯಾಳದಲ್ಲಿ ಕೇಳಿದರು,
ಮೀನಿನ ಗಾಳವೋ ಎಂದು.
ಕನ್ನಡದಲ್ಲಿ ಹೌದೆಂದೆ.
ಎರಡು ಭಾಷೆಯ ನಡುವೆ ಬೆಳೆದವರಿಗೆ ಗೊತ್ತು,
ಕೆಲವು ಸಂಗತಿ ತಪ್ಪಾಗಿಯೇ ಇದ್ದರೆ ಸುಖ.

ಹೊಸ ವರ್ಷದ ವಾರ ನನಗಾಗದು:
ಬಾಡಿಗೆಯ ಗುಲಾಬಿ ಕೋಟು ತೊಟ್ಟು
ಬಿದ್ದಲ್ಲೇ ಫೋಟೋ ಹೊಡೆಸಿಕೊಳ್ಳುವ ಜೋಡಿಗಳು,
ಎಲ್ಲೆಲ್ಲೂ ಮ್ಯಾಗಿಯ ಹಬೆ.
ಗುಲ್ಮಾರ್ಗಿಗೂ ಒಮ್ಮೆ ಹೋಗಿದ್ದೆ. ಚಂದ ಉಂಟು,
ಇಲ್ಲವೆಂದು ಹೇಗೆ ಹೇಳಲಿ.
ಗೊಂಡೋಲಾದ ಸಾಲಿನಲ್ಲಿ ಎರಡು ಗಂಟೆ ನಿಂತು ಮೇಲೆ ಹೋದರೆ
ಇಳಿಜಾರು ಆವರಣವಿಲ್ಲದ ಬಾವಿಯ ಹಾಗೆ ಬಾಯ್ದೆರೆದಿತ್ತು.
ಕೂತೇ ಇಳಿದು ಬಂದೆ, ಅಂಡು ತಣ್ಣಗಾಗಿ.

ಧೈರ್ಯ ನನಗೆ ಬೇಡ.
ಬೇಕಾದದ್ದು ಬೆಳಗಿನ ಏಳೂವರೆ,
ರಾತ್ರಿಯ ಹಿಮವನ್ನು ಯಾರೂ ಮುಟ್ಟದ ಹೊತ್ತು,
ಮಕ್ಕಳು ಕಲಿಯುವ ಆ ಅಗಲದ ಸಾದಾ ಇಳಿಜಾರು,
ಕಾಲಡಿಯಲ್ಲಿ ಅಕ್ಕಿಹಿಟ್ಟು ಜರಡಿಯಾಡುವ ಸದ್ದು.
ಹತ್ತೂವರೆಗೆ ಬಿಸಿಲೇರಿದರೆ ಅದೇ ಹಿಟ್ಟು
ಕಡುಬಿಗೆ ಕಲಸಿದಷ್ಟು ಗಟ್ಟಿ.
ಅಲ್ಲಿಗೆ ಸಾಕು. ಮತ್ತೆ ಚಾ.

ಬೂಟು ಮಾತ್ರ ಬಾಡಿಗೆಯದಲ್ಲ.
ಮೊದಲ ವರ್ಷ ಯಾರದೋ ಬೆವರಿನ ಬೂಟಿಗೆ
ಎರಡು ಉಗುರು ಕೊಟ್ಟು ಬಂದವಳು ನಾನು.
ಈಗ ನನ್ನದೇ ಉಂಟು; ಮಾರ್ಚಿನಿಂದ ಜನವರಿವರೆಗೆ
ಅಕ್ಕಿಡಬ್ಬದ ಹಿಂದೆ, ಒಳಗೆ ಕರ್ಪೂರ ಹಾಕಿ.

ಕಲಿಸಿದವನು ದಿಗಂಬರ ನೇಗಿ,
ನನ್ನ ಅರ್ಧ ಪ್ರಾಯದ ಹುಡುಗ.
"ಕೆಳಗಿನ ಮೊಣಕಾಲಿಗೆ ಭಾರ ಕೊಡಿ, ದೀದಿ.
ಹೆದರಿದವರು ಗುಡ್ಡಕ್ಕೆ ಒರಗುತ್ತಾರೆ,
ಒರಗಿದವರೇ ಬೀಳುತ್ತಾರೆ."
ಎಂಟನೇ ವಯಸ್ಸಿನಲ್ಲಿ ಪೊಸಡಿಗುಂಪೆಯ ಒಣ ಮುಳಿಹುಲ್ಲಿನ ಮೇಲೆ
ತೆಂಗಿನ ಕೊತ್ತಳಿಗೆಯಲ್ಲಿ ಕೂತು ಇಳಿದಾಗ
ಯಾರೂ ಇದನ್ನು ಹೇಳಿರಲಿಲ್ಲ.
ಹರಿದ ಲಂಗಕ್ಕೆ ಅಮ್ಮ ಕಲಿಸಿದ್ದು ಬೇರೆ ಪಾಠ.

ಕಳೆದ ವರ್ಷ ಹಿಮವೇ ಬೀಳಲಿಲ್ಲ.
ಬೋಳು ಹುಲ್ಲಿನ ನಡುವೆ ಒಂದು ಬಿಳಿ ಪಟ್ಟಿ,
ಬದಿಯಲ್ಲಿ ಗೊರಗೊರ ಉಗುಳುವ ಯಂತ್ರ.
ಬಗ್ಗಿ ಒಂದು ಹಿಡಿ ಎತ್ತಿದೆ, ತಿಕ್ಕಿದೆ.
ಗುರುತು ಸಿಕ್ಕಿತು. ನಮ್ಮದೇ ಇದು, ಕ್ರಷರಿನದು.
"ಹೇಗಿದೆ ದೀದಿ?" ಎಂದ ನೇಗಿ.
"ಕಿಲೋಕ್ಕೆ ಎಷ್ಟು ಬೀಳುತ್ತದೆ?" ಎಂದೆ.
ನಕ್ಕ.
ಆಮೇಲೆ ಬಹಳ ಹೊತ್ತು ಯಂತ್ರದ ಕಡೆಗೇ ನೋಡುತ್ತ ನಿಂತ.

ಈ ಸಲದ ರಜೆಚೀಟಿ ಬರೆದಿಟ್ಟಿದ್ದೇನೆ, ತಾರೀಕು ಹಾಕಿಲ್ಲ.
ನೇಗಿಯ ಫೋನು ಬರಬೇಕು.
ಸಂಜೆ, ಕಡೆಯ ದೋಣಿಗೆ ಐಸು ತುಂಬಿ ಕಳಿಸಿ,
ನೆಲದ ಪುಡಿಯ ಮೇಲೆ ಗಂಬೂಟಿನಲ್ಲಿ ನಿಂತು
ಕೆಳಗಿನ ಮೊಣಕಾಲಿಗೆ ಭಾರ ಕೊಟ್ಟೆ.
ಚರಂಡಿಯ ಕಡೆಗೆ ಮೂರು ಅಡಿಯ ಇಳಿಜಾರು.
ಎಡಕ್ಕೊಂದು ತಿರುವು. ಬಲಕ್ಕೊಂದು.

"ಎಂತ ಅದು?" ಬಾಗಿಲಿನಿಂದ ಸಾಹುಕಾರರು.
"ಲೆಕ್ಕ" ಎಂದೆ.