ಹದಿನೆಂಟನೆಯ ಎಲೆ

ನಮ್ಮ ಗಾಳಿಗಿರಣಿ ಹಿಟ್ಟು ಬೀಸಿದ್ದಲ್ಲ.
ಭರತದ ನೀರನ್ನು ಕೋಡಿಯಿಂದೆತ್ತಿ
ಉಪ್ಪಿನ ಪಾತಿಗೆ ಸುರಿಯುತ್ತಿತ್ತು, ಅಷ್ಟೇ.
ಹದಿನೆಂಟು ತಗಡು. ಆಗರದ ಮಂದಿ ಎಲೆ ಅನ್ನುತ್ತಿದ್ದರು,
ರೆಕ್ಕೆಯೆಂದರೆ ಹಾರಿಹೋದೀತೆಂದು.

ಡೀಸೆಲ್ ಪಂಪು ಬಂದ ವರ್ಷ
ಅಪ್ಪ ಕೊನೆಯ ಸಲ ಏಣಿ ಹತ್ತಿ
ಅದರ ಬಾಲಕ್ಕೆ ಸರಿಗೆ ಬಿಗಿದು ಇಳಿದ.
ಮೂವತ್ತೊಂದು ಮಳೆಗಾಲ.
ಮೊದಲು ಬಣ್ಣ ಹೋಯಿತು, ಆಮೇಲೆ ಎಣ್ಣೆ,
ಆಮೇಲೆ ಒಂದೊಂದೇ ಎಲೆ.
ಗಾಳಿ ಒಯ್ದದ್ದಲ್ಲ. ನಾವು ಒಯ್ದದ್ದು.

ಡೀಸೆಲ್ಲಿನ ಲೆಕ್ಕ ನೋಡಿ ನೋಡಿ
ಸೊಸೈಟಿಗೆ ಈಗ ಗಾಳಿಯ ನೆನಪಾಗಿದೆ.
ತದಡಿಯಿಂದ ಬಸ್ತ್ಯಾಂವ ಬಂದ, ದೋಣಿ ಇಂಜಿನ್ನಿನ ಮೇಸ್ತ್ರಿ.
ಮೇಲೆ ಹತ್ತಿ ಗೇರುಪೆಟ್ಟಿಗೆ ತೆರೆದರೆ
ಕಣಜದ ಗೂಡು, ಗ್ರೀಸಿನ ಕರಿ ಹಕ್ಕಳೆ,
ಅಪ್ಪನ ಸುಣ್ಣದ ಡಬ್ಬಿ, ಒಳಗೆ ಸುಣ್ಣ ಕಲ್ಲಾಗಿ.
"ಹಲ್ಲು ಗಟ್ಟಿ ಉಂಟು," ಕೂಗಿದ. "ಎಲೆ ಎಲ್ಲಿ?"

ಉಳಿದದ್ದು ಒಂಬತ್ತು.
ಮಿಕ್ಕ ಒಂಬತ್ತಕ್ಕೆ ಚೀಟಿ ಹಿಡಿದು ಮನೆಮನೆ ತಿರುಗಿದೆ.
ಒಂದು ಕೋಳಿಗೂಡಿನ ಬಾಗಿಲು.
ಒಂದು ಕಾಲುಸಂಕ, ಶಾಲೆಮಕ್ಕಳು ದಾಟಿ ದಾಟಿ ನಡು ಬಗ್ಗಿದ್ದು.
ಎರಡು ಬಾವಿ ಮುಚ್ಚಿದ್ದವು, ಮೂರು ಸೌದೆಯ ಮಾಡು.
ಇನ್ನೊಂದು ಸಿಕ್ಕಿದ್ದು ನಮ್ಮದೇ ಬಚ್ಚಲಿಗೆ ಮರೆಯಾಗಿ,
ಹುಟ್ಟಿದಂದಿನಿಂದ ಅದರ ಹಿಂದೆಯೇ ಮಿಂದಿದ್ದೆ.
ಬೇರೆಯವೆಲ್ಲ ಹರಿದು ಕಿತ್ತವು;
ಇದರ ನಾಲ್ಕು ತೂತೂ ದುಂಡಗೆ,
ಪಾನಾ ಹಾಕಿ ಬಿಚ್ಚಿದ್ದು.
ಊರಲ್ಲಿ ಪಾನಾ ಇದ್ದದ್ದು ಒಬ್ಬನ ಬಳಿ.
ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು.

ಕೊನೆಯದು ಮಂಕಾಳಿಯ ಅಂಗಳದಲ್ಲಿ, ಮೈತುಂಬ ಒಣಸೀಗಡಿ.
ಅವಳು ಚೀಟಿ ಮುಟ್ಟಲಿಲ್ಲ.
"ಇದು ಗಾಳಿ ಹೊತ್ತದ್ದು ಹದಿನೈದು ವರ್ಷ,
ನನ್ನ ಮೀನು ಹೊತ್ತದ್ದು ಮೂವತ್ತು.
ಯಾರದಾಯ್ತು, ನೀನೇ ಹೇಳು."
ನಾನೇನು ಹೇಳಲಿ.
ಬಸ್ತ್ಯಾಂವ ಎಣ್ಣೆಡ್ರಮ್ಮು ಸೀಳಿ ಬಡಿದು
ಹದಿನೆಂಟನೆಯದನ್ನು ಮಾಡಿದ,
ಅಕ್ಷರ ತಲೆಕೆಳಗಾಗಿ.

ಮಧ್ಯಾಹ್ನ ಪಡುಗಾಳಿ ಏಳುವ ಹೊತ್ತಿಗೆ
ಅಪ್ಪ ಬಿಗಿದ ಸರಿಗೆ ಕತ್ತರಿಸಿದೆವು.
ಬಾಲ ಕಿರುಗುಟ್ಟಿತು, ಅನುಮಾನಿಸಿತು,
ಆಮೇಲೆ ಇಡೀ ತಲೆ ಸಮುದ್ರಕ್ಕೆ ತಿರುಗಿತು.
ಮೊದಲ ನೀರು ಕೆಂಪು, ಬರಿಯ ತುಕ್ಕು;
ಪಾತಿಗೆ ಬಿಡದೆ ಮೂರು ದಿನ ಕೋಡಿಗೇ ಚೆಲ್ಲಿದೆವು.

ಡ್ರಮ್ಮಿನ ಎಲೆ ಭಾರ. ಕೆಳಗಿಂದ ಮೇಲೇರುವಾಗ
ಸುತ್ತಿಗೊಮ್ಮೆ ತಡವರಿಸುತ್ತದೆ.
ಸರಿಮಾಡುತ್ತೇನೆಂದ ಬಸ್ತ್ಯಾಂವ
ಬಿಲ್ಲು ಕೊಟ್ಟು ಹೋದವನು ಇನ್ನೂ ಬಂದಿಲ್ಲ.

ನಮ್ಮ ಬಚ್ಚಲಿಗೆ ಈಗ ಅವ್ವನ ಹಳೆಯ ಸೀರೆ ಕಟ್ಟಿದೆ.
ಅದೂ ಗಾಳಿ ಹಿಡಿಯುತ್ತದೆ.