ಲಿಫ್ಟಿನೊಳಗೆ ಅಂಟಿಸಿದ ಕಾಗದ

ರುಕ್ಮಯಣ್ಣನ ವೀಸಾಕ್ಕೆ ಇನ್ನು ಒಂಬತ್ತೇ ದಿನ.
ಫ್ರಿಜ್ಜು ಮಾರಬೇಕು, ಎರಡು ಬಾಗಿಲಿನದು,
ಒಳಗಿನ ದೀಪ ಮಾತ್ರ ಉರಿಯುವುದಿಲ್ಲ.
“ಯಾವ ಸೈಟಿಗೆ ಹಾಕಲಿ ಮಾರಾಯ್ತಿ?
ನೀನು ಲೆಕ್ಕದವಳು, ನೀನೇ ಹೇಳು.”

ಗುದೈಬಿಯಾದ ನಮ್ಮ ಕಟ್ಟಡಕ್ಕೆ ಐದು ಮಹಡಿ, ಒಂದು ಲಿಫ್ಟು.
ಕನ್ನಡಿಯ ಕೆಳಗೆ ಕಾಗದ ಅಂಟಿಸಿದೆ,
ಮೂರು ಮನೆ ಗೀಚಿ, ಮೂರು ಸೈಟುಗಳ ಗುರುತು ಬರೆದು:
ಗಿಳಿ, ಒಂಟೆ, ಡೇರೆ.
ಹಳೆ ಸಾಮಾನು ಮಾರಲು ಯಾವುದು ವಾಸಿ?
ಒಬ್ಬರಿಗೆ ಒಂದೇ ಗೀಟು.
ದಾರಕ್ಕೆ ಕಟ್ಟಿದ ಪೆನ್ನು
ತೂಗಾಡುತ್ತ ಹತ್ತಿತು, ಇಳಿಯಿತು.

ಬೆರಳಿಗೆ ಶಾಯಿಯಿಲ್ಲ, ಬೂತಿಗೆ ಏಜೆಂಟರಿಲ್ಲ,
ಆಗಸ್ಟಿನ ಸೆಕೆಗೆ ಕಾಗದದ ಮೂಲೆ ಸುರುಳಿ ಸುತ್ತಿತ್ತು ಅಷ್ಟೆ.
ನಾಲ್ಕನೇ ದಿನ ಎಣಿಸಿದೆ:
ಗಿಳಿಗೆ ನಲವತ್ತೊಂದು, ಒಂಟೆಗೆ ಹದಿನೇಳು,
ಡೇರೆಗೆ ಮೂರು.
ಇನ್ನೇನು ಬೇಕು?
ಗಿಳಿಗೇ ಹಾಕಿದೆವು, ಫೋಟೊ ಸಮೇತ, ಹದಿನೆಂಟು ದಿನಾರು.

ಒಬ್ಬ ಕೇಳಿದ: “ಕೊನೆಯ ಬೆಲೆ?”
ಹೇಳಿದ ಮೇಲೆ ಆ ಕಡೆ ಸದ್ದಿಲ್ಲ.
ಮರುದಿನ ಇನ್ನೊಬ್ಬ: “ಇದೆಯಾ?”
ಇದೆ. ಇದ್ದೇ ಇದೆ.

ಕಾಗದ ಕಿತ್ತು ತಂದು
ಅಡುಗೆಮನೆಯ ಟ್ಯೂಬ್‌ಲೈಟಿಗೆ ಹಿಡಿದೆ,
ಆಫೀಸಿನಲ್ಲಿ ಅನುಮಾನದ ವೋಚರು ಹಿಡಿಯುವ ಹಾಗೆ.
ಹದಿಮೂರು ಗೀಟಿಗೆ ಒಂದೇ ವಾಲಿಕೆ, ಒಂದೇ ಒತ್ತು:
ನಾಲ್ಕನೇ ಮಹಡಿಯ ವಲೇರಿಯನ್ ಪೊರ್ಬು,
ಒಬ್ಬರನ್ನು ಸೇರಿಸಿದರೆ ಗಿಳಿಯವರು ಅವನಿಗೆ
ಅರ್ಧ ದಿನಾರಿನ ಕೂಪನ್ ಕೊಡುತ್ತಾರಂತೆ.
ಹನ್ನೊಂದು ಗೀಟು ತೀರಾ ಕೆಳತುದಿಗೆ, ಸೊಟ್ಟಪಟ್ಟ,
ಒಂದಕ್ಕೆ ಕೊಕ್ಕೂ ಇದೆ.
ಮಕ್ಕಳ ಕೈಗೆ ಪೆನ್ನು ಸಿಕ್ಕರೆ
ಗಿಳಿ ಬಿಟ್ಟು ಒಂಟೆ ಯಾರಿಗೆ ಬೇಕು?
ಇನ್ನೊಂದು ಗೀಟು ನನ್ನದು.
ಈ ಊರಿಗೆ ಬಂದು ಹನ್ನೆರಡು ವರ್ಷ,
ಒಂದು ಸ್ಟೂಲನ್ನೂ ಮಾರಿದವಳಲ್ಲ ನಾನು.

ನೆಲಮಹಡಿಯ ಎರಡು ಕೋಣೆಯಲ್ಲಿ ಹದಿನಾರು ಮಂದಿ,
ಪೈಪು ಜೋಡಿಸುವವರು. ಲಿಫ್ಟಿನ ಗುಂಡಿ ಒತ್ತುವ ಕೆಲಸವೇ ಅವರಿಗಿಲ್ಲ.
ಹುಸೇನಬ್ಬ ನಕ್ಕ:
“ಡೇರೆಗೆ ಹಾಕಬೇಕಿತ್ತಲ್ಲ ಅಕ್ಕ!
ನಮ್ಮಲ್ಲಿಂದ ಈ ವರ್ಷ ಆರು ಜನ ಊರಿಗೆ ಹೋದರು.
ಆರು ಮಂಚ, ಎರಡು ಕೂಲರು, ಒಂದು ಹೊಲಿಗೆ ಮಿಷನ್ನು,
ಎಲ್ಲ ಎರಡೇ ದಿನಕ್ಕೆ ಖಾಲಿ.”

ಆ ಆರು ಗೀಟು ಎಲ್ಲಿ?
ಮಾರಿ ಮುಗಿಸಿದವರು
ಮತ ಹಾಕಲು ಉಳಿಯುವುದಿಲ್ಲ.
ಮಂಚದ ಹಿಂದೆಯೇ ಮನುಷ್ಯನೂ ಹೊರಟ,
ಸಿಮ್ಮು ಏರ್‌ಪೋರ್ಟಿನ ಕಸದ ಬುಟ್ಟಿಗೆ.

ಹಾಗೆಂದು ಹುಸೇನಬ್ಬನ ಮಾತೇ ತೀರ್ಪು ಎನ್ನಲೆ?
ಅವನ ಕೋಣೆಯೂ ಒಂದು ಲಿಫ್ಟೇ,
ಹತ್ತದೆ ಇಳಿಯದೆ ನಿಂತದ್ದು.

ರುಕ್ಮಯಣ್ಣ ಹೋದ. ಫ್ರಿಜ್ಜು ಮೆಟ್ಟಿಲ ಬುಡಕ್ಕೆ ಬಂತು,
ವಾಚ್‌ಮನ್ನು ಪ್ಲಗ್ಗು ಸಿಕ್ಕಿಸಿದ,
ನೆಲಮಹಡಿಯ ನೀರಿನ ಬಾಟಲಿಗಳೆಲ್ಲ ಈಗ ಅದರೊಳಗೆ.
ಹಳೆಯ ಫೋನು ನನ್ನ ಕೈಗಿಟ್ಟು ಹೋಗಿದ್ದ.
ಮೊನ್ನೆ ರಾತ್ರಿ ಅದು ಬೆಳಗಿತು, ಗಿಳಿಯ ಹಸಿರಲ್ಲಿ:
ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ?
ಐದೂ ಖಾಲಿ. ಕೆಳಗೆ ಸಣ್ಣಕ್ಷರ,
ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿಗೆ ತೃಪ್ತಿ.

ಮೆಟ್ಟಿಲಲ್ಲೇ ನಿಂತೆ,
ಹೆಬ್ಬೆರಳು ಪರದೆಗೆ ಇನ್ನೂ ತಾಗಿಲ್ಲ.
ಕೆಳಗೆ ಯಾರೋ ಫ್ರಿಜ್ಜಿನ ಬಾಗಿಲು ತೆಗೆದು
ದೀಪವಿಲ್ಲದ ತಂಪಿನಲ್ಲಿ
ತಮ್ಮ ಬಾಟಲಿ ಯಾವುದೆಂದು ತಡಕಾಡುತ್ತಿದ್ದಾರೆ.